ಸಹಿ ಅವರದು, ಹಸಿವು ಯಾರದು?

ರೋಮ್ ಪಟ್ಟಣದಲ್ಲಿ ಹಸಿವಿಗೆ ಅಂತಲೇ ಮೂರು ದೊಡ್ಡ ಆಫೀಸುಗಳಿವೆ. 1945ರಲ್ಲಿ ಹುಟ್ಟಿದ ಆಹಾರ ಮತ್ತು ಕೃಷಿ ಸಂಸ್ಥೆ ಒಂದು. 1961ರಲ್ಲಿ ಹುಟ್ಟಿದ ವಿಶ್ವ ಆಹಾರ ಕಾರ್ಯಕ್ರಮ ಇನ್ನೊಂದು. 1977ರಲ್ಲಿ ಹುಟ್ಟಿದ ಕೃಷಿ ಅಭಿವೃದ್ಧಿ ನಿಧಿ ಮೂರನೆಯದು. ಒಂದು ಬೇಸಾಯದ ಬುದ್ಧಿ ಹೇಳುತ್ತದೆ, ಒಂದು ಕಾಳು ಹೊರುತ್ತದೆ, ಒಂದು ಸಾಲ ಕೊಡುತ್ತದೆ. ಮೂರೂ ವಿಶ್ವಸಂಸ್ಥೆಯ ಮಕ್ಕಳೇ. ಆದರೂ ಒಂದೇ ಊರಲ್ಲಿರುವ ಈ ಅಣ್ಣತಮ್ಮಂದಿರು, ನಾವು ಕೂಡಿ ದುಡಿಯುತ್ತೇವೆ ಅಂತ ಆಗಾಗ ಕಾಗದಕ್ಕೆ ಸಹಿ ಹಾಕಬೇಕಾಗುತ್ತದೆ. 2018ರಲ್ಲಿ ಹಾಗೊಂದು ಒಪ್ಪಂದಕ್ಕೆ ಮೂವರೂ ಸಹಿ ಹಾಕಿದರು. ಯುನಿಸೆಫ್ ಮತ್ತು ವಿಶ್ವ ಆರೋಗ್ಯ ಸಂಸ್ಥೆಯನ್ನೂ ಸೇರಿಸಿಕೊಂಡು ಐದು ಸಂಸ್ಥೆಗಳು ಪ್ರತಿವರ್ಷ ಒಟ್ಟಿಗೆ ವರದಿ ತರುತ್ತವೆ. 2025ರ ವರದಿಯ ಪ್ರಕಾರ, 2024ರಲ್ಲಿ ಜಗತ್ತಿನಲ್ಲಿ ಹಸಿದಿದ್ದವರು ಸುಮಾರು 67 ಕೋಟಿ.

ಐದು ಸಂಸ್ಥೆಗಳ ಸಹಕಾರ, 67 ಕೋಟಿ ಖಾಲಿ ಹೊಟ್ಟೆ. ಈ ಸಹಕಾರ ಸಾಲದು, ಇನ್ನೂ ಬೇಕು ಎನ್ನುತ್ತಾರೆ ಬಲ್ಲವರು. ನಮ್ಮ ಪ್ರಶ್ನೆ ಬೇರೆ. ಈ ಸಹಕಾರ ಯಾರ ಜೊತೆ? ಯಾರನ್ನು ಹೊರಗಿಟ್ಟು?

ಮೊದಲು ಆ ಕಟ್ಟಡವನ್ನೇ ನೋಡಿ. ಆಹಾರ ಮತ್ತು ಕೃಷಿ ಸಂಸ್ಥೆ 1951ರಲ್ಲಿ ಹೋಗಿ ಕೂತ ಆ ಕಟ್ಟಡ, ಮುಸೊಲಿನಿ ತನ್ನ ಆಫ್ರಿಕಾ ವಸಾಹತುಗಳನ್ನು ಆಳುವ ಮಂತ್ರಾಲಯಕ್ಕೆಂದು ಕಟ್ಟಿಸಲು ಶುರು ಮಾಡಿದ್ದು. ಅದರ ಮುಂದೆ ಒಂದು ಕಲ್ಲಿನ ಕಂಬ ನಿಂತಿತ್ತು. 1937ರಲ್ಲಿ ಇಥಿಯೋಪಿಯಾದ ಅಕ್ಸುಮ್‌ನಿಂದ ಇಟಲಿಯವರು ಲೂಟಿ ಮಾಡಿ ತಂದ ಕಂಬ. ವಾಪಸು ಕೊಡುತ್ತೇವೆಂದು 1947ರ ಒಪ್ಪಂದದಲ್ಲಿ ಮಾತು ಕೊಟ್ಟ ಇಟಲಿ, ಕೊಟ್ಟದ್ದು 2005ರಲ್ಲಿ. 1984ರಲ್ಲಿ ಇಥಿಯೋಪಿಯಾದ ಮಕ್ಕಳು ಅನ್ನವಿಲ್ಲದೆ ಸಾಯುವಾಗಲೂ, ಅವರ ಕಂಬ ಹಸಿವಿನ ಆಫೀಸಿನ ಬಾಗಿಲಲ್ಲೇ ನಿಂತಿತ್ತು. ಒಳಗಿದ್ದ ನೌಕರರು ಕದ್ದದ್ದಲ್ಲ, ಒಪ್ಪುತ್ತೇನೆ. ಆದರೆ ಕದ್ದದ್ದನ್ನು ಕೊಡಿ ಅನ್ನದೆ ದಾನದ ಮಾತಾಡುವುದು ಹೇಗೆ ಅನ್ನೋದನ್ನ ಆ ಬಾಗಿಲು 50 ವರ್ಷ ತೋರಿಸಿತು.

ಈಗ ಲೆಕ್ಕಕ್ಕೆ ಬನ್ನಿ. 1974ರಲ್ಲಿ ರೋಮಿನಲ್ಲಿ ವಿಶ್ವ ಆಹಾರ ಸಮ್ಮೇಳನ ನಡೆಯಿತು. ಹತ್ತು ವರ್ಷದೊಳಗೆ ಒಂದು ಮಗುವೂ ಹಸಿದು ಮಲಗಬಾರದು ಅಂತ ಅಮೆರಿಕಾದ ಮಂತ್ರಿ ಕಿಸಿಂಜರ್ ಭಾಷಣ ಬಿಗಿದ. ಅದೇ ವರ್ಷ ಬಾಂಗ್ಲಾದೇಶದಲ್ಲಿ ಕ್ಷಾಮ. ಜನ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದರು. ಬಾಂಗ್ಲಾ ಕ್ಯೂಬಾಕ್ಕೆ ಸೆಣಬಿನ ಚೀಲ ಮಾರಿತೆಂಬ ಕಾರಣಕ್ಕೆ ಕಾಳಿನ ನೆರವನ್ನು ತಡೆಹಿಡಿದದ್ದು ಇದೇ ಕಿಸಿಂಜರನ ಸರ್ಕಾರ.

1996ರಲ್ಲಿ ಮತ್ತೆ ರೋಮ್. ಹಸಿದವರ ಸಂಖ್ಯೆಯನ್ನು 2015ರೊಳಗೆ ಅರ್ಧ ಮಾಡುತ್ತೇವೆಂದು ಆಣೆ. 2000ದಲ್ಲಿ ನ್ಯೂಯಾರ್ಕಿನಲ್ಲಿ ಆ ಆಣೆ ಮೆತ್ತಗಾಯಿತು. ಅರ್ಧ ಆಗಬೇಕಾದ್ದು ಸಂಖ್ಯೆ ಅಲ್ಲ, ಶೇಕಡಾವಾರು ಎಂದಾಯಿತು. ಲೆಕ್ಕ ಶುರುವಾಗುವ ವರ್ಷವನ್ನೂ 1990ಕ್ಕೆ ಹಿಂದೆ ಸರಿಸಿದರು. ಜನಸಂಖ್ಯೆ ಏರಿದರೆ, ಹಸಿದವರು ಅಷ್ಟೇ ಇದ್ದರೂ ಶೇಕಡಾ ಇಳಿಯುತ್ತದೆ. ಎಂಥಾ ಶ್ಯಾನುಭೋಗಿಕೆ ನೋಡಿ! 2015ರಲ್ಲಿ ಹೊಸ ಗಡುವು: 2030ಕ್ಕೆ ಹಸಿವು ಸೊನ್ನೆ. 2030ರಲ್ಲೂ ಸುಮಾರು 51 ಕೋಟಿ ಜನ ಹಸಿದೇ ಇರುತ್ತಾರೆಂದು 2025ರ ವರದಿ ತಾನೇ ಬರೆದುಕೊಂಡಿದೆ. ಸಾಲಗಾರ ನಾವಾಗಿದ್ದರೆ ಇಷ್ಟು ಸಲ ಗಡುವು ಕೊಡುತ್ತಿದ್ದರಾ?

ಈ ಸಂಸ್ಥೆಗಳು ಯಾಕೆ ಸೋಲುತ್ತವೆ? ಅಲ್ಲಿರುವವರೆಲ್ಲ ಕಳ್ಳರು ಅಂತಲ್ಲ. ಕೀಲಿಕೈ ಅವರ ಬಳಿ ಇಲ್ಲ. ವಿಶ್ವ ಆಹಾರ ಕಾರ್ಯಕ್ರಮ ಪೂರ್ತಿ ನಡೆಯುವುದು ಸ್ವಇಚ್ಛೆಯ ದೇಣಿಗೆಯಲ್ಲಿ. 2020ರಲ್ಲಿ ಅದಕ್ಕೆ ನೊಬೆಲ್ ಶಾಂತಿ ಬಹುಮಾನ ಬಂತು. ಐದು ವರ್ಷದಲ್ಲಿ ಅಮೆರಿಕಾ ಮತ್ತಿತರ ಧಣಿಗಳು ಕೈ ಬಿಗಿ ಹಿಡಿದರು. 2025ರಲ್ಲಿ ತನ್ನ ಹಣ ಹಿಂದಿನ ವರ್ಷಕ್ಕಿಂತ ಸುಮಾರು ಶೇಕಡಾ 40 ಕಡಿಮೆಯಾಗಲಿದೆ ಎಂದು ಆ ಸಂಸ್ಥೆಯೇ ಹೇಳಿತು. ಅದರ ಹಿಂದಿನ ವರ್ಷ, 2024ರಲ್ಲಿ, ಜಗತ್ತು ಸೈನ್ಯಗಳಿಗೆ ಸುರಿದದ್ದು ಸುಮಾರು 2.7 ಲಕ್ಷ ಕೋಟಿ ಡಾಲರ್. ದುಡ್ಡಿಲ್ಲ ಅನ್ನೋರ ಮುಖಕ್ಕೆ ಈ ಅಂಕಿ ಹಿಡಿಯಿರಿ.

ದಾನದ ಕಾಳಿಗೆ ಹಗ್ಗ ಕಟ್ಟಿರುತ್ತದೆ. ನಮ್ಮ ತಾತಂದಿರಿಗೆ ಇದು ಗೊತ್ತಿತ್ತು. 1965-67ರ ಬರದಲ್ಲಿ ಪಿ.ಎಲ್. 480ರ ಗೋಧಿಗೆ ಕಾದು ಕೂತಿತ್ತು ಈ ದೇಶ. ಭಾರತ ವಿಯೆಟ್ನಾಂ ಯುದ್ಧದ ಬಗ್ಗೆ ಬಾಯಿ ಮುಚ್ಚಲಿ, ಬೇಸಾಯದ ನೀತಿ ಬದಲಿಸಲಿ ಅಂತ ಅಧ್ಯಕ್ಷ ಜಾನ್ಸನ್ ಹಡಗುಗಳನ್ನು ಅಳೆದು ಅಳೆದು ಬಿಡುತ್ತಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ದೇವರೂ ಅವನೇ, ಪೂಜಾರಿಯೂ ಅವನೇ.

ಇನ್ನು ಇವರ ಸಹಕಾರದ ಗೆಳೆಯರು ಯಾರು? 1966ರಿಂದ 1978ರವರೆಗೆ ದೊಡ್ಡ ಕಂಪನಿಗಳು ಆಹಾರ ಮತ್ತು ಕೃಷಿ ಸಂಸ್ಥೆಯ ಒಳಗೇ ಕುರ್ಚಿ ಹಾಕಿಕೊಂಡಿದ್ದವು. ಕೈಗಾರಿಕಾ ಸಹಕಾರ ಕಾರ್ಯಕ್ರಮ ಅಂತ ಅದರ ಹೆಸರು. 2020ರಲ್ಲಿ ಅದೇ ಸಂಸ್ಥೆ ಕ್ರಾಪ್‌ಲೈಫ್ ಎಂಬ ಕೀಟನಾಶಕ ಕಂಪನಿಗಳ ಕೂಟದ ಜೊತೆ ಸಹಿ ಹಾಕಿತು. ನೂರಾರು ಸಂಘಟನೆಗಳು ಪ್ರತಿಭಟಿಸಿದವು. 2021ರ ವಿಶ್ವಸಂಸ್ಥೆಯ ಆಹಾರ ಶೃಂಗಸಭೆಗೆ ಕೋಟ್ಯಾಧೀಶರ ಕೂಟವಾದ ವಿಶ್ವ ಆರ್ಥಿಕ ವೇದಿಕೆ ಹತ್ತಿರದ ನೆಂಟ. ಜಗತ್ತಿನ ಬಡ ರೈತರ, ಕೂಲಿಗಳ ಸಂಘಟನೆಗಳು ಆ ಸಭೆಯನ್ನು ಬಹಿಷ್ಕರಿಸಿ ತಮ್ಮದೇ ಸಭೆ ನಡೆಸಿದವು. ವಿಶ್ವ ಆಹಾರ ಭದ್ರತಾ ಸಮಿತಿಯಲ್ಲಿ 2009ರಿಂದ ಇಂಥ ಸಂಘಟನೆಗಳಿಗೂ ಕುರ್ಚಿ ಸಿಕ್ಕಿದೆ. ಮಾತಾಡಬಹುದು, ಮತ ಹಾಕುವ ಹಾಗಿಲ್ಲ. ಕೈ ಕೆಸರಾದವರಿಗೆ ಬಾಗಿಲ ಪಕ್ಕದ ಜಾಗ, ಕೈ ತೊಳೆದು ಕೂತವರಿಗೆ ಎಲೆಯ ಮುಂದಿನ ಜಾಗ. ಈ ಪಂಕ್ತಿ ನಮಗೆ ಹೊಸದಲ್ಲ.

ಕ್ಷಾಮ ಘೋಷಿಸುವುದಕ್ಕೂ ಇವರು ಕೂಡಿ ಒಂದು ಅಳತೆಗೋಲು ಮಾಡಿದ್ದಾರೆ. ಐದರಲ್ಲಿ ಒಂದು ಮನೆಗೆ ಊಟವೇ ಇರಬಾರದು. ನೂರರಲ್ಲಿ 30 ಮಕ್ಕಳು ಸೊರಗಿರಬೇಕು. ಹತ್ತು ಸಾವಿರಕ್ಕೆ ದಿನಕ್ಕೆ ಇಬ್ಬರು ಸಾಯಬೇಕು. ಅಷ್ಟಾದರೆ ಕ್ಷಾಮ. ಸೊಮಾಲಿಯಾದಲ್ಲಿ 2011ರ ಜುಲೈನಲ್ಲಿ ಘೋಷಿಸಿದರು. ಆ ಕ್ಷಾಮದಲ್ಲಿ ಸತ್ತವರು ಸುಮಾರು 2.6 ಲಕ್ಷ, ಅರ್ಧಕ್ಕಿಂತ ಹೆಚ್ಚು ಐದು ವರ್ಷದೊಳಗಿನ ಕೂಸುಗಳು. ಘೋಷಣೆಯ ಹೊತ್ತಿಗಾಗಲೇ ಬಹಳ ಜನ ಮಣ್ಣಾಗಿದ್ದರು. 2024ರಲ್ಲಿ ಸುಡಾನಿನ ಜಮ್ಜಮ್ ಶಿಬಿರ, 2025ರ ಆಗಸ್ಟಿನಲ್ಲಿ ಗಾಜಾ. ಗಾಜಾದ ಗಡಿಯಾಚೆ ಕಾಳಿನ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಸಂಸ್ಥೆಗಳ ನಡುವೆ ಸಹಕಾರವಿತ್ತು. ಗೇಟು ಇಸ್ರೇಲಿನ ಬಂದೂಕಿನ ಕೈಲಿತ್ತು. ಹಸಿವನ್ನು ಯುದ್ಧದ ಆಯುಧ ಮಾಡುವುದು ತಪ್ಪೆಂದು ಭದ್ರತಾ ಮಂಡಳಿ 2018ರಲ್ಲೇ ನಿರ್ಣಯ ಮಾಡಿತ್ತು. ನಿರ್ಣಯದಿಂದ ಗೇಟು ತೆಗೆಯಲಿಲ್ಲ.

ಗಂಜಿ ಹೊತ್ತು ತರೋನನ್ನೂ ಬೈತೀಯಾ ಅಂತ ಕೆಲವು ಗೆಳೆಯರು ಕೇಳಬಹುದು. ಇಲ್ಲ. ಗುಂಡಿನ ನಡುವೆ ಲಾರಿ ಓಡಿಸುವವನು ನಮ್ಮವನೇ. ಇವತ್ತು ಸಾಯುವ ಮಗುವಿಗೆ ಇವತ್ತೇ ಗಂಜಿ ಬೇಕು, ಕ್ರಾಂತಿ ಆಗುವ ತನಕ ಕಾಯಿ ಅನ್ನುವವನು ಮನುಷ್ಯನಲ್ಲ. ಆದರೆ ಗಂಜಿಯನ್ನೇ ನ್ಯಾಯ ಅಂತ ಮಾರಬೇಡಿ.

2001ರಲ್ಲಿ ನಮ್ಮ ದೇಶದ ಸರ್ಕಾರಿ ಗೋದಾಮುಗಳಲ್ಲಿ ಕಾಳು ತುಂಬಿ ಕೊಳೆಯುತ್ತಿತ್ತು. ರಾಜಸ್ಥಾನದಲ್ಲಿ ಜನ ಹಸಿದು ಸಾಯುತ್ತಿದ್ದರು. ಪಿಯುಸಿಎಲ್ ಸುಪ್ರೀಂ ಕೋರ್ಟಿಗೆ ಹೋಯಿತು. ಹೋರಾಟ ನಡೆದು ನಡೆದು 2013ರಲ್ಲಿ ಆಹಾರ ಭದ್ರತಾ ಕಾಯಿದೆ ಬಂತು. ತಲೆಗೆ ಐದು ಕೆಜಿ ಕಾಳು ಸಾಲದು, ಸೊಸೈಟಿ ಮುಂದೆ ಇನ್ನೂ ಅವಮಾನ ಇದೆ, ನಿಜ. ಆದರೂ ಅದು ಭಿಕ್ಷೆಯಲ್ಲ, ಹಕ್ಕು. ಬಾಬಾಸಾಹೇಬರು 1927ರಲ್ಲಿ ಮಹಾಡದ ಕೆರೆಗೆ ಇಳಿದದ್ದು ಬರೀ ಬಾಯಾರಿಕೆಗಲ್ಲ. ಕೊಡದಲ್ಲಿ ಎತ್ತಿ ಹೊಯ್ಯುವ ನೀರು ಬೇರೆ, ಕೆರೆ ಬೇರೆ.

ರೋಮಿನ ವರದಿ ಹಸಿದವರನ್ನು ಖಂಡ ಖಂಡವಾಗಿ ಎಣಿಸುತ್ತದೆ, ಹೆಣ್ಣು ಗಂಡು ಅಂತ, ಹಳ್ಳಿ ಪಟ್ಟಣ ಅಂತ ಭಾಗ ಮಾಡುತ್ತದೆ. ಒಳ್ಳೆಯದೇ. ಜಾತಿಯ ಕಲಮು ಮಾತ್ರ ಇಲ್ಲ. ಭೂಮಿ ಯಾರದ್ದು, ಕೂಲಿ ಯಾರದ್ದು ಎಂದು ಕೇಳದೆ ಹೊಟ್ಟೆ ಮಾತ್ರ ಎಣಿಸಿದರೆ, ಹಸಿವು ಮಳೆ ಬಾರದ್ದರಿಂದ ಬಂದ ರೋಗದ ಹಾಗೆ ಕಾಣುತ್ತದೆ. ಹಸಿವು ರೋಗವಲ್ಲ. ಯಾರೋ ತಿಂದದ್ದರ ಲೆಕ್ಕ ಅದು.

ಆದ್ದರಿಂದ ಇನ್ನು ಮುಂದೆ ಯಾರಾದರೂ ಸಭೆಯಲ್ಲಿ ಅಂತರರಾಷ್ಟ್ರೀಯ ಸಹಕಾರ ಅಂತ ಶುರು ಮಾಡಿದರೆ ಎದ್ದು ನಿಂತು ಕೇಳಿ. ಹಸಿವಿನ ಹಣ ಧಣಿಗಳ ಇಚ್ಛೆಗೆ ಯಾಕೆ? ದೇಶ ದೇಶದ ಮೇಲೆ ಕಂದಾಯದ ಹಾಗೆ ಯಾಕೆ ಹಾಕಬಾರದು? ವಿಷ ಮಾರುವ ಕಂಪನಿಗೆ ಅನ್ನದ ಮೇಜಿನಲ್ಲಿ ಏನು ಕೆಲಸ? ಭೂಮಿ ಇಲ್ಲದವನಿಗೆ ಮತ ಯಾವಾಗ? ಗೇಟು ಮುಚ್ಚಿ ಮಕ್ಕಳನ್ನು ಕೊಂದವನಿಗೆ ಶಿಕ್ಷೆ ಯಾವಾಗ?

ಉತ್ತರ ಬರುವ ತನಕ ಕೂರಬೇಡಿ.