ಮುಚ್ಚಿಟ್ಟ ನೋವು, ಮಾಯದ ಕಲೆ

ರಜಸ್ಸೂತಕವನ್ನು ಅಲ್ಲಗಳೆದ ಶರಣಪರಂಪರೆ ನಮ್ಮದು. ಆದರೂ ಕಿಬ್ಬೊಟ್ಟೆಯ ನೋವನ್ನು, ದುರ್ವಾಸನೆಯ ಬಿಳಿಸೆರಗನ್ನು ನಮ್ಮ ಹೆಣ್ಣುಮಕ್ಕಳು ಇಂದಿಗೂ ನಾಚಿಕೆಯಿಂದ ಮುಚ್ಚಿಡುತ್ತಾರೆ. ಇವು ಗರ್ಭಕೋಶ, ಗರ್ಭನಾಳಗಳಿಗೆ ಸೋಂಕು ಏರಿದ ಲಕ್ಷಣಗಳಾಗಿರಬಹುದು. ಕ್ಲಮಿಡಿಯಾ, ಗೊನೋರಿಯಾದಂತಹ ಲೈಂಗಿಕ ಸೋಂಕುಗಳು, ಶುಚಿತ್ವವಿಲ್ಲದ ಹೆರಿಗೆ ಅಥವಾ ಗರ್ಭಪಾತ ಇದಕ್ಕೆ ಕಾರಣವಾಗಬಲ್ಲವು. ಅಲಕ್ಷಿಸಿದರೆ ನಾಳಗಳು ಕಲೆಗಟ್ಟಿ ಬಂಜೆತನ, ಗರ್ಭಕೋಶದ ಹೊರಗೆ ನಿಲ್ಲುವ ಪ್ರಾಣಾಪಾಯದ ಬಸಿರು, ವರ್ಷಗಟ್ಟಲೆಯ ನೋವು ಉಂಟಾಗಬಹುದು. ಸಾಮಾನ್ಯವಾಗಿ 14 ದಿನಗಳ ಔಷಧಿಯಿಂದ ಸೋಂಕು ಶಮನವಾಗುತ್ತದೆ. ಉಳಿದ ಕಲೆ ಮಾಯದು. ಸೋಂಕು ಪತಿಯಿಂದ ಬಂದಿದ್ದರೂ ಬಂಜೆಯೆಂಬ ನಿಂದೆ ಪತ್ನಿಗೇ ತಗಲುವುದು ಅನ್ಯಾಯ. ಆದುದರಿಂದ ದಂಪತಿಗಳಿಬ್ಬರೂ ಚಿಕಿತ್ಸೆ ಪಡೆಯಬೇಕು. ಸೂತಕವನ್ನು ಬಿಟ್ಟವರು ನಾವು. ಈ ನಾಚಿಕೆಯನ್ನೂ ಬಿಟ್ಟು, ಮೊದಲ ನೋವಿಗೇ ವೈದ್ಯರನ್ನು ಕಾಣೋಣ.