ಇದು ದಾನವಲ್ಲ, ಮುಂಗಡ



ನಮ್ಮ ಹೆಣ್ಣುಮಕ್ಕಳಿಗೆ ನರ್ಸಿಂಗ್ ಓದಿಸುತ್ತೇವೆಂದು ಕೆಲವು ಖಾಸಗಿ ಆಸ್ಪತ್ರೆಗಳು ಮುಂದೆ ಬರುತ್ತವೆ. ಫೀ ಅವರದು, ಓದು ಮುಗಿದ ಮೇಲೆ ಇಂತಿಷ್ಟು ವರ್ಷ ಅಲ್ಲೇ ದುಡಿಯಬೇಕು. ಇದನ್ನು ವಿದ್ಯಾದಾನವೆಂದು ಹೊಗಳುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮನೆಗೆ ಮುಂಗಡ ಕೊಟ್ಟು ಊರಿನಿಂದ ಹೋಟೆಲಿಗೆ ಕರೆತಂದ ಹುಡುಗರು ನಾವು. ವರ್ಷಗಟ್ಟಲೆ ಕಪ್ಪು ಬಸಿ ತೊಳೆದರೂ ಮುಂಗಡ ತೀರಿತೆಂಬ ಮಾತು ಕೇಳಲಿಲ್ಲ. ಲೆಕ್ಕದ ಪುಸ್ತಕ ಗಲ್ಲೆಯಲ್ಲಿ ಕೂತವರ ಕೈಯಲ್ಲಿತ್ತು.

ಹಾಗೆಂದು ಕರಾರೇ ಬೇಡವೆನ್ನುವ ಹುಂಬತನ ನಮಗಿಲ್ಲ. ಸೈನ್ಯದ ನರ್ಸಿಂಗ್ ಕಾಲೇಜುಗಳಲ್ಲೂ ಸೇವೆಯ ಕರಾರು ಉಂಟು. ಆದರೆ ಅಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ. ಓದಿನ ಜೊತೆ ಊಟ, ವಸತಿ ಉಂಟು. ಮುಗಿಸಿದವಳಿಗೆ ಅಧಿಕಾರಿಯ ದರ್ಜೆ, ಅದಕ್ಕೆ ತಕ್ಕ ಸಂಬಳ ಉಂಟು. ಸಂಬಳ ಹೇಳದ ಕರಾರು ಕರಾರಲ್ಲ, ಕೊರಳಿನ ಹಗ್ಗ.

2011ರಲ್ಲಿ ಇದೇ ಮುಂಬಯಿಯಲ್ಲಿ ನರ್ಸುಗಳು ಬಾಂಡಿನ ವಿರುದ್ಧ ಮುಷ್ಕರ ಹೂಡಿದರು. ಕಾನೂನೂ ಕುರುಡಲ್ಲ. 1872ರ ಕರಾರು ಕಾಯಿದೆಯ 74ನೆಯ ಕಲಮಿನಂತೆ, ಕಾಗದದಲ್ಲಿ ಎಷ್ಟೇ ದಂಡ ಬರೆದಿರಲಿ, ನ್ಯಾಯವಾದ ಪರಿಹಾರಕ್ಕಿಂತ ಹೆಚ್ಚು ಸಲ್ಲದು.

ಆದ್ದರಿಂದ ನಾಲ್ಕು ಮಾತು ಕಾಗದದ ಮೇಲಿರಲಿ: ಎಷ್ಟು ವರ್ಷ, ಎಷ್ಟು ಸಂಬಳ, ದುಡಿದಷ್ಟು ತಿಂಗಳಿಗೆ ಬಾಕಿ ಇಳಿಯಬೇಕು, ಅಸಲು ಸರ್ಟಿಫಿಕೇಟು ಮಗಳ ಕೈಯಲ್ಲೇ ಇರಬೇಕು. ಇದಕ್ಕೆ ಒಪ್ಪದವರ ಹಣ ನಮಗೆ ಬೇಡ.

ಸಹಿ ಹಾಕುವ ಮೊದಲು ಕಾಗದವನ್ನು ಸಂಘಕ್ಕೆ ತನ್ನಿ. ಕೂಡಿ ಓದೋಣ. ನಮ್ಮ ಸಾಲ ನಮ್ಮೊಂದಿಗೇ ಮುಗಿಯಲಿ; ಮಕ್ಕಳ ಹೆಗಲೇರದಿರಲಿ.