ಪಾಲಿನ ಹೊಲದಾಗ ಬಾವಿ ತೋಡಬ್ಯಾಡ್ರಿ

ಈ ವರ್ಷದ ತೊಗರಿ ರಾಶಿ ಮುಗೀತು. ಹೊಟ್ಟು ಒಟ್ಟಿ, ಬ್ಯಾಳಿ ಮಾಡಿಸ್ಲಿಕ್ಕ ಒಂದಿಷ್ಟು ಚೀಲ ಬ್ಯಾರೆ ಇಟ್ಟು, ಉಳಿದದ್ದು ಯಾದಗಿರಿ ಪ್ಯಾಟಿಗೆ ಕಳಿಸಿದ್ದಾಯ್ತು. ಕೈ ಸ್ವಲ್ಪ ಖಾಲಿ ಅದ. ಅದಕ್ಕ ಭಾಳ ದಿನದಿಂದ ತಲಿಯಾಗ ಕೊರೀತಿರೋ ಒಂದು ಮಾತು ಬರೀತೀನಿ. ಉದ್ದ ಆಗ್ತದ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊನ್ನೆ ಸೈದಾಪುರದಾಗ ಚಹಾ ಕುಡಿಯೋವಾಗ ನಮ್ಮ ಪೈಕಿ ತಮ್ಮ ಒಬ್ಬ ಅಂದ: "ಅಣ್ಣಾ, ಬ್ಯಾಳಿ ಮಾರ್ಲಿಕ್ಕ ವಾಟ್ಸಾಪ್ ಸಾಕು, ಫೇಸ್‌ಬುಕ್ ಸಾಕು. ವೆಬ್‌ಸೈಟ್ ಎಲ್ಲಾ ಕಂಪನಿ ಮಂದಿಗೆ. ನಮಗ್ಯಾಕ ಅದು?" ಕುಂತವರೆಲ್ಲ ಹೌದೌದು ಅಂದ್ರು. ನಾನು ಅಲ್ಲಿ ಜಗಳ ಮಾಡಲಿಲ್ಲ. ಇಲ್ಲಿ ಮಾಡ್ತೀನಿ.

ಒಂದು ಪ್ರಶ್ನೆ ಕೇಳ್ತೀನಿ. ಪಾಲಿಗೆ ಮಾಡಿದ ಹೊಲದಾಗ ಯಾರರ ಬಾವಿ ತೋಡ್ತಾರೇನ್ರಿ? ಬೀಜ ಹಾಕ್ತೀವಿ, ಕಳೆ ತೆಗೀತೀವಿ, ರಾಶಿ ಮಾಡ್ತೀವಿ. ಆದ್ರ ಬಾವಿ ತೋಡಂಗಿಲ್ಲ, ಬದು ಹಾಕಂಗಿಲ್ಲ, ಮಾವಿನ ಗಿಡ ನಡಂಗಿಲ್ಲ. ಯಾಕಂದ್ರ ಮುಂದಿನ ಯುಗಾದಿಗೆ ಹೊಲದವರು "ಬಿಡ್ರಿ" ಅಂದ್ರ ಬಿಟ್ಟು ಬರಬೇಕು. ಫೇಸ್‌ಬುಕ್ ಪುಟ, ವಾಟ್ಸಾಪ್ ಗ್ರೂಪು, ಆನ್‌ಲೈನ್ ಅಂಗಡಿಯಾಗಿನ ಖಾತೆ, ಇವೆಲ್ಲ ಪಾಲಿನ ಹೊಲ. ಬೆಳಿ ತಕ್ಕೋರಿ, ಬ್ಯಾಡ ಅನ್ನಂಗಿಲ್ಲ. ಬಾವಿ ಮಾತ್ರ ಅಲ್ಲಿ ತೋಡಬ್ಯಾಡ್ರಿ.

ಬಿಡ್ರಿ ಅಂದದ್ದು ಯಾವಾಗ ಅಂತ ಕೇಳ್ತೀರಿ? 2020ರ ಜೂನ್ 29ಕ್ಕ ಸರಕಾರ ಟಿಕ್‌ಟಾಕ್ ಬಂದ್ ಮಾಡ್ತು. ಕುಣಿಯೋರು ಅಷ್ಟೇ ಅಲ್ಲ, ಅದರಾಗ ಸಾಮಾನು ಮಾರೋ ಸಣ್ಣ ಮಂದಿನೂ ಇದ್ರು. ಒಂದೇ ಸಲಕ್ಕ ಎಲ್ಲಾ ಹೋಯ್ತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಮ್ ಮೂರೂ ಸುಮಾರು ಆರು ತಾಸು ನಿಂತ್ವು. ನಮಗ ಮಲಗೋ ಹೊತ್ತು ಅಂತ ಅಷ್ಟು ಬಿಸಿ ತಟ್ಟಲಿಲ್ಲ. ಮೂರೂ ಒಬ್ಬನದೇ ಹೊಲ, ಒಂದು ಬಂದ್ ಆದ್ರ ಮೂರೂ ಬಂದ್ ಅಂತ ಅವತ್ತೇ ತಿಳೀಬೇಕಿತ್ತು.

ನನ್ನದೇ ಕಥಿ ಹೇಳ್ತೀನಿ. ಮೂರು ವರ್ಷ ಒಂದು ಆಪ್‌ನಾಗ ಬ್ಯಾಳಿ ಮಾರಿದೆ. ಇಲ್ಲಿ ಇಂಡಸ್ಟ್ರಿಯಲ್ ಏರಿಯಾಕ್ಕ ಕೆಲಸಕ್ಕ ಬಂದವರು, ಬೆಂಗಳೂರಿಗೆ ಗುಳೆ ಹೋದ ನಮ್ಮ ಮಂದಿ, ಅವರ ಪರಿಚಯದವರು, ಹಿಂಗ ಗಿರಾಕಿ ಕೂಡಿದ್ರು. ಒಂದು ಮುಂಜಾನೆ ನೋಡಿದ್ರ ಖಾತೆ ಬಂದ್. ಕಾರಣ ಕೇಳ್ಲಿಕ್ಕ ಆಫೀಸಿಲ್ಲ, ಮಾತಾಡ್ಲಿಕ್ಕ ಮನುಷ್ಯಾ ಇಲ್ಲ. ಫಾರ್ಮ್ ತುಂಬಿ ತುಂಬಿ ಸಾಕಾಯ್ತು. ಗಿರಾಕಿಗಳ ನಂಬರು, ವಿಳಾಸ ಎಲ್ಲಾ ಅದರಾಗೇ ಇತ್ತು, ನಾನು ಒಂದು ವಹಿಯಾಗೂ ಬರ್ಕೊಂಡಿರಲಿಲ್ಲ. ಎರಡು ವರ್ಷ ಆದ ಮ್ಯಾಲ ಸೈದಾಪುರ ಸ್ಟೇಷನ್‌ನಾಗ ಹಳೇ ಗಿರಾಕಿ ಒಬ್ಬರು ಸಿಕ್ರು. "ಎಲ್ಲಾ ಕಡಿ ಹುಡುಕಿದೆ, ನೀವು ಬ್ಯಾಳಿ ಮಾಡೋದೇ ಬಿಟ್ರಿ ಅಂದ್ಕೊಂಡೆ" ಅಂದ್ರು. ನಾನು ಬಿಟ್ಟಿರಲಿಲ್ಲ. ಚೀಲ ಮನಿಯಾಗೇ ಇದ್ವು. ನನ್ನ ಬಾಗಲ ಎಲ್ಲದ ಅಂತ ಅವರಿಗೆ ಗೊತ್ತಾಗಲಿಲ್ಲ, ಅಷ್ಟೇ.

ಕಡೇಚೂರು, ಬಾಡಿಯಾಳ ಮಂದಿಗೆ ಪಹಣಿ ಅಂದ್ರೇನು ಅಂತ ನಾನು ಹೇಳಬೇಕೇನು? ಕೈಗಾರಿಕಾ ಪ್ರದೇಶಕ್ಕ ಮೂರು ಸಾವಿರ ಎಕರೆಗೂ ಮ್ಯಾಲ ಭೂಮಿ ಹೋದ ಊರು ನಮ್ಮವು. ಕಾಗದದಾಗ ಯಾರ ಹೆಸರದ ಅನ್ನೋದರ ಮ್ಯಾಲ ಎಲ್ಲಾ ನಿಂತದ ಅಂತ ನಮಗಿಂತ ಚೆಂದ ಯಾರಿಗೂ ಗೊತ್ತಿಲ್ಲ. ಅಂಥ ನಾವೇ ಫೋನಿನಾಗ ಬಂದ ಕೂಡಲೇ ಪಹಣಿ ಕೇಳೋದು ಮರೀತೀವಿ.

ಈಗ ಲೆಕ್ಕಕ್ಕ ಬರೋಣ. 2025-26ಕ್ಕ ತೊಗರಿ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ. ಒಂದು ಕ್ವಿಂಟಲ್ ತೊಗರಿಗೆ ಸುಮಾರು 70 ಕೆಜಿ ಬ್ಯಾಳಿ ಹಿಡೀರಿ. ಕೆಜಿಗೆ 150ರಂಗ ನೇರ ಮಾರಿದ್ರ 10,500. ಸಾಗಣಿ ಗಿರಾಕಿ ಕೊಟ್ರ, ಮಿಲ್ ಕೂಲಿ, ಪ್ಯಾಕೆಟ್ ಖರ್ಚು ತೆಗೆದು ಒಂದೂವರಿ ಸಾವಿರ ಹೆಚ್ಚಿಗಿ ಉಳಿದ್ರ ಉಳೀತು. ಹೊಟ್ಟು, ನುಚ್ಚು ದನಕ್ಕ. ದೊಡ್ಡ ಲಾಭ ಏನಲ್ಲ. ಅದೂ ಮೊದಲನೇ ಸಲದ ಗಿರಾಕಿಯಿಂದ ಬರಂಗಿಲ್ಲ, ಮತ್ತ ಮತ್ತ ಬರೋ ಗಿರಾಕಿಯಿಂದ ಬರ್ತದ. ಅವರು ಮತ್ತ ಬರಬೇಕಂದ್ರ ನಮ್ಮ ಬಾಗಲ ಇದ್ದಲ್ಲೇ ಇರಬೇಕು.

ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಜಿಐ ಮಾನ್ಯತೆ ಸಿಕ್ತು. 2009ರ ಕಡೀತನ ನಾವೂ ಅದೇ ಜಿಲ್ಲೆದವರು. ನಮ್ಮ ಕಡಿ ಬ್ಯಾಳಿ ಹೆಸರಿಗೆ ಬೆಲೆ ಅದ ಅಂತ ಇದರಿಂದ ಗೊತ್ತಾಯ್ತಲ್ಲ? ಆದ್ರ ಬೆಂಗಳೂರಾಗ ಒಬ್ಬಾಕಿ ತಾಯಿ ಫೋನಿನಾಗ ಹುಡುಕಿದ್ರ ಮ್ಯಾಲ ಯಾರು ಬರ್ತಾರ? ದೊಡ್ಡ ಕಂಪನಿ, ಆನ್‌ಲೈನ್ ಅಂಗಡಿ. ಬೆಳೆದವರು ಎಲ್ಲೂ ಇಲ್ಲ. ನಾವು ಮುಂಜಾನೆ ಎದ್ದು ಕೃಷಿ ಮಾರಾಟ ವಾಹಿನಿ ವೆಬ್‌ಸೈಟ್‌ನಾಗ ಧಾರಣಿ ನೋಡ್ತೀವಿ. ನಮ್ಮ ಧಾರಣಿ ನೋಡ್ಲಿಕ್ಕ ಯಾರರ ಬರಬೇಕಂದ್ರ ನಮಗೊಂದು ಜಾಗಾನೇ ಇಲ್ಲ.

"ಭಾಳ ಖರ್ಚು" ಅಂತೀರಿ. ಡಾಟ್ ಇನ್ ಅನ್ನೋ ಹೆಸರಿಗೆ ವರ್ಷಕ್ಕ ಸಾವಿರ ರೂಪಾಯಿ ಆಸುಪಾಸು. ಒಂದೇ ಒಂದು ಸಾದಾ ಪುಟ ಇಡ್ಲಿಕ್ಕ ಪುಕ್ಕಟ ಜಾಗಾನೂ ಸಿಗ್ತದ. ಹತ್ತಿಗೆ ಒಂದು ಸಲ ಎಣ್ಣಿ ಹೊಡಿಯೋ ಖರ್ಚಿಗೆ ಹೋಲಿಸಿ ನೋಡ್ರಿ. ಡಾಟ್ ಭಾರತ ಅಂತ ಕನ್ನಡ ಅಕ್ಷರದಾಗೇ ಹೆಸರು ತಕ್ಕೊಳ್ಳೋ ಅನುಕೂಲನೂ ಅದ.

ಪುಟದಾಗ ಏನಿರಬೇಕು? ನಿಮ್ಮ ಹೆಸರು, ಊರು, ಫೋನ್ ನಂಬರು. ಟಿಎಸ್-3ಆರ್ ತೊಗರಿನೋ ಮತ್ತೊಂದು ತಳಿನೋ, ರಾಶಿ ಯಾವ ತಿಂಗಳು ಆಯ್ತು, ಬ್ಯಾಳಿ ಹೆಂಗ ಮಾಡಿಸಿದ್ರಿ, ಕೆಜಿಗೆ ಎಷ್ಟು, ಸಾಗಣಿ ಎಷ್ಟು. ನಿಮ್ಮ ಹೊಲದ ನಾಕು ಫೋಟೋ. ಪ್ಯಾಕೆಟ್ ಮಾಡಿ ಮಾರೋರು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ ಆ ನಂಬರೂ ಹಾಕ್ರಿ. ಅಧಿಕೃತ ಬಳಕೆದಾರ ಅಂತ ನೋಂದಣಿ ಇಲ್ಲದೆ ಜಿಐ ಗುರುತು ಮಾತ್ರ ಹಾಕಬ್ಯಾಡ್ರಿ.

ಇನ್ನೊಂದು ಮಾತು ಗಟ್ಟಿ ನೆನಪಿಡ್ರಿ. ವೆಬ್‌ಸೈಟ್ ಮಾಡಿಕೊಡ್ತೀನಿ ಅಂತ ಬರೋ ಹುಡುಗರು ಆ ಹೆಸರನ್ನ ತಮ್ಮ ಇ-ಮೇಲ್‌ಗೇ ನೋಂದಣಿ ಮಾಡಿಕೊಂಡ್ರ, ಪಹಣಿ ಅವರದಾಯ್ತು, ನೀವು ಮತ್ತ ಪಾಲಿನವರೇ. ನಿಮ್ಮ ಇ-ಮೇಲ್, ನಿಮ್ಮ ನಂಬರು, ಪಾಸ್‌ವರ್ಡ್ ನಿಮ್ಮ ಮನಿ ವಹಿಯಾಗ. ಕಂದಾಯ ಕಟ್ಟಿದಂಗ ವರ್ಷಾ ವರ್ಷಾ ಹಣ ಕಟ್ಟಬೇಕು. ಮರೆತ್ರ ಆ ಹೆಸರು ಬ್ಯಾರೆಯವರು ತಕ್ಕೊಳ್ಳಬಹುದು.

ವೆಬ್‌ಸೈಟ್ ಮಾಡಿದ ಮರುದಿನ ಗಿರಾಕಿ ಸಾಲು ಹಚ್ಚಂಗಿಲ್ಲ, ಅದನ್ನೂ ಹೇಳಿಬಿಡ್ತೀನಿ. ವಾಟ್ಸಾಪ್, ಫೇಸ್‌ಬುಕ್ ಓಣಿಯಾಗ ಕೂಗು ಹಾಕ್ಲಿಕ್ಕ ಬೇಕು. ಕೂಗು ಕೇಳಿದವರು ಬಂದು ಕೂಡ್ಲಿಕ್ಕ ಕಟ್ಟಿ ನಮ್ಮದಿರಬೇಕು. ಎಲ್ಲಾ ಮಾಲು ಪ್ಯಾಟಿಗೇ ಹಾಕೋರಿಗೆ ಇದು ಬ್ಯಾಡ. ಎರಡು ಮೂರು ಚೀಲ ಬ್ಯಾಳಿ ಮಾಡೋರು ಒಬ್ಬೊಬ್ಬರೇ ಮಾಡೋದಕ್ಕಿಂತ ಹತ್ತು ಮನಿ ಕೂಡಿ ಒಂದು ಮಾಡ್ರಿ. ಗಾಣದ ಎಣ್ಣಿ, ಖಡಕ್ ರೊಟ್ಟಿ ಮಾರೋ ಅಕ್ಕಂದಿರ ಸಂಘಕ್ಕೂ ಇದೇ ಮಾತು.

ಇದನ್ನ ಬರೀಲಿಕ್ಕತ್ತಿದ್ದೂ ಪಾಲಿನ ಹೊಲದಾಗೇ, ಗೊತ್ತದ. ಅದಕ್ಕ ನನ್ನ ಎಲ್ಲಾ ಬರಹದ ಒಂದೊಂದು ಪ್ರತಿ ಈಗ ನನ್ನ ಸ್ವಂತ ಹೆಸರಿನ ಜಾಗದಾಗೂ ಇಟ್ಟೀನಿ. ಗಿರಾಕಿಗಳ ನಂಬರು ವಹಿಯಾಗ ಅದ. ಚಹಾ ಅಂಗಡಿ ತಮ್ಮಾ, ನೀನು ಇದನ್ನ ಓದ್ತಿ ಅಂತ ಗೊತ್ತು. ರವಿವಾರ ಮನಿಗೆ ಬಾ. ಒಂದು ತಾಸಿನಾಗ ನಿನ್ನ ಹೆಸರಿಗೇ ಮಾಡಿಸೋಣ. ಆಮ್ಯಾಲ ಬೇಕಾದಷ್ಟು ಜಗಳಾಡು.